ಮಡಿಕೇರಿಯ ಅಡುಗೆಮನೆಯಲ್ಲಿ ಕ್ಯಾರೆಟ್ ಕೇಕ್: ಒಂದು ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಮಾಡುವ ಕೇಕುಗಳಲ್ಲಿ ಕ್ಯಾರೆಟ್ ಕೇಕಿನಷ್ಟು ಸುಲಭದ್ದು ಇನ್ನೊಂದಿಲ್ಲ. ಬೆಣ್ಣೆ ಮತ್ತು ಸಕ್ಕರೆಯನ್ನು ಉಜ್ಜಿ ಕೈ ನೋಯಿಸಿಕೊಳ್ಳಬೇಕಿಲ್ಲ. ಮೊಟ್ಟೆಯ ಬಿಳಿ ಬೇರೆ, ಹಳದಿ ಬೇರೆ ಮಾಡಬೇಕಿಲ್ಲ. ಒಂದು ಪಾತ್ರೆ, ಒಂದು ವಿಸ್ಕ್, ಒಂದು ತುರಿಯುವ ಮಣೆ ಇದ್ದರೆ ಸಾಕು. ಆದರೂ ನಮ್ಮ ಕೊಡಗಿನಲ್ಲಿ ಈ ಕೇಕ್ ಆಗಾಗ ಕೈಕೊಡುತ್ತದೆ. ನಡು ಕುಸಿಯುತ್ತದೆ, ತಳ ಅಂಟಂಟಾಗುತ್ತದೆ, ಮೂರನೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಇದಕ್ಕೆಲ್ಲ ಮೂಲ ನೀರು. ಕ್ಯಾರೆಟ್‌ನಲ್ಲಿ ನೂರಕ್ಕೆ 88 ಭಾಗ ನೀರೇ. ಕಾಲು ಕೆಜಿ ತುರಿ ಹಾಕಿದರೆ ಹೆಚ್ಚುಕಮ್ಮಿ ಒಂದು ಲೋಟ ನೀರು ಹಿಟ್ಟಿನೊಳಗೆ ಹೋದ ಹಾಗೇ ಲೆಕ್ಕ. ಅದರ ಮೇಲೆ ಮಳೆಗಾಲದ ತೇವ ಬೇರೆ. ಮೈದಾ, ಬೆಲ್ಲ, ಬೇಕಿಂಗ್ ಪೌಡರ್, ಎಲ್ಲವೂ ಗಾಳಿಯ ತೇವ ಹೀರಿಕೊಂಡಿರುತ್ತವೆ. ಹಾಗಾಗಿ ಈ ಕೇಕಿನಲ್ಲಿ ಅಳತೆಗಿಂತ ಮೊದಲು ನೀರಿನ ಮೇಲೆ ಕಣ್ಣಿಡಬೇಕು. ಮುಂದೆ ಬರುವ ಹೆಚ್ಚಿನ ಸೂಚನೆಗಳು ಅದಕ್ಕೇ ಸಂಬಂಧಪಟ್ಟವು.

ಎತ್ತರದ ವಿಷಯ

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು 100 ಡಿಗ್ರಿಗೆ ಅಲ್ಲ, ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಬೇಕಿಂಗ್ ಪೌಡರ್‌ನಿಂದ ಹೊರಡುವ ಗಾಳಿ ಕೂಡ ಬೇಗ ಹಿಗ್ಗುತ್ತದೆ. ಹಿಟ್ಟು ಗಟ್ಟಿಯಾಗುವ ಮೊದಲೇ ಕೇಕ್ ಪೂರ್ತಿ ಎದ್ದು, ಹಿಡಿದುಕೊಳ್ಳಲು ಬಲ ಇಲ್ಲದೆ ನಡುವೆ ಕೂತುಬಿಡುತ್ತದೆ.

ಅದಕ್ಕೆ ಮಡಿಕೇರಿ ಮತ್ತು ಅದಕ್ಕಿಂತ ಎತ್ತರದ ಕಡೆ ಮೂರು ಸಣ್ಣ ಬದಲಾವಣೆ ಬೇಕು. ಬೇಕಿಂಗ್ ಪೌಡರ್ ಸ್ವಲ್ಪ ಕಡಿಮೆ, ಸಕ್ಕರೆ ಒಂದು ಚಮಚ ಕಡಿಮೆ, ಓವನ್‌ನ ಬಿಸಿ 5 ಡಿಗ್ರಿ ಜಾಸ್ತಿ. ಕೆಳಗೆ ಕೊಟ್ಟ ಅಳತೆ ಮಡಿಕೇರಿಗೆ ಹೊಂದುವಂಥದ್ದು. ಕುಶಾಲನಗರ, ಗೋಣಿಕೊಪ್ಪದ ಕಡೆಯವರು ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಸಕ್ಕರೆ 150 ಗ್ರಾಂ ಹಾಕಿ, 170 ಡಿಗ್ರಿಯಲ್ಲಿ ಬೇಯಿಸಬಹುದು. ಮಂಗಳೂರಿನಲ್ಲಿರುವ ನಂಟರಿಗೆ ಈ ರೆಸಿಪಿ ಕಳಿಸುವುದಾದರೂ ಇದೇ ತಿದ್ದುಪಡಿ ಸಾಕು.

ಕ್ಯಾರೆಟ್ ಆರಿಸುವುದು

ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಊಟಿ ಕ್ಯಾರೆಟ್. ಕೇಕಿಗೆ ಅದೇ ಒಳ್ಳೆಯದು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಆರಿಸಿಕೊಳ್ಳಲು ಬಿಡುತ್ತಾರೆ, ಆ ಅವಕಾಶ ಬಳಸಿಕೊಳ್ಳಿ. ಮಧ್ಯಮ ಗಾತ್ರದ, ಬಗ್ಗಿಸಿದರೆ ಬಾಗದೆ ಟಕ್ ಎಂದು ಮುರಿಯುವ ಕ್ಯಾರೆಟ್ ಬೇಕು. ತುಂಬಾ ದಪ್ಪಗಿದ್ದರೆ ನಡುವಿನ ತಿರುಳು ನಾರಾಗಿ, ಸಪ್ಪೆಯಾಗಿರುತ್ತದೆ. ತೊಟ್ಟಿನ ಹತ್ತಿರ ಹಸಿರು ಇದ್ದರೆ ಕತ್ತರಿಸಿ ತೆಗೆಯಿರಿ, ಆ ಭಾಗ ಕಹಿ.

ಚಳಿಗಾಲದಲ್ಲಿ ಬರುವ ಕೆಂಪು ಡೆಲ್ಲಿ ಕ್ಯಾರೆಟ್ ಸಿಹಿ ನಿಜ, ಆದರೆ ರಸ ಜಾಸ್ತಿ. ಅದು ಹಲ್ವಕ್ಕೆ ಸರಿ. ಕೇಕಿಗೆ ಹಾಕಲೇಬೇಕು ಎಂದರೆ ತುರಿದ ಮೇಲೆ ಅಂಗೈಯಲ್ಲಿ ಒಮ್ಮೆ ಹಗುರವಾಗಿ ಹಿಂಡಿ. ಊಟಿ ಕ್ಯಾರೆಟ್ ಹಿಂಡಬೇಡಿ. ಹಿಂಡಿದರೆ ಸಿಹಿಯೂ ಹೋಗುತ್ತದೆ, ಕೇಕ್ ಒಣಗುತ್ತದೆ.

ತುರಿಯುವುದು ಕೈಯಲ್ಲೇ ಆಗಬೇಕು. ಮಿಕ್ಸಿಗೆ ಹಾಕಿದರೆ ಕ್ಯಾರೆಟ್ ಪೇಸ್ಟಾಗಿ ನೀರೆಲ್ಲ ಒಟ್ಟಿಗೆ ಹೊರಬರುತ್ತದೆ. ತಳ ಅಂಟಾಗುವುದಕ್ಕೆ ಮುಖ್ಯ ಕಾರಣ ಇದೇ. ತುರಿಯುವ ಮಣೆಯ ಮಧ್ಯಮ ತೂತು ಬಳಸಿ. ಇನ್ನೊಂದು ವಿಷಯ, ಮೊದಲೇ ತುರಿದು ಸಕ್ಕರೆ ಜೊತೆ ಬೆರೆಸಿ ಇಡಬೇಡಿ. ಸಕ್ಕರೆ ಹತ್ತು ನಿಮಿಷದಲ್ಲಿ ಕ್ಯಾರೆಟ್‌ನ ನೀರನ್ನು ಹೊರಗೆಳೆಯುತ್ತದೆ. ತುರಿ ಹಿಟ್ಟಿಗೆ ಸೇರಬೇಕಾದ್ದು ಕೊನೆಯಲ್ಲಿ.

ಬೇಕಾಗುವ ಸಾಮಾನು

8 ಇಂಚಿನ, 3 ಇಂಚು ಆಳದ ಒಂದು ಗುಂಡು ಟಿನ್ನಿಗೆ:

- ಮೈದಾ 200 ಗ್ರಾಂ
- ತುರಿದ ಕ್ಯಾರೆಟ್ 250 ಗ್ರಾಂ (ಸಿಪ್ಪೆ ತೆಗೆಯುವ ಮೊದಲು ಸುಮಾರು 300 ಗ್ರಾಂ)
- ಸಕ್ಕರೆ 135 ಗ್ರಾಂ
- ಪುಡಿ ಬೆಲ್ಲ 50 ಗ್ರಾಂ
- ಮೊಟ್ಟೆ 3
- ಸೂರ್ಯಕಾಂತಿ ಎಣ್ಣೆ 180 ಮಿಲಿ
- ಕಿತ್ತಳೆ ರಸ 2 ದೊಡ್ಡ ಚಮಚ
- ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ
- ಅಡುಗೆ ಸೋಡಾ ಅರ್ಧ ಟೀ ಚಮಚ
- ಉಪ್ಪು ಅರ್ಧ ಟೀ ಚಮಚ
- ಚಕ್ಕೆ ಪುಡಿ ಒಂದೂವರೆ ಟೀ ಚಮಚ
- ಏಲಕ್ಕಿ ಪುಡಿ ಅರ್ಧ ಟೀ ಚಮಚ
- ಒಣಶುಂಠಿ ಪುಡಿ ಕಾಲು ಟೀ ಚಮಚ
- ಕರಿಮೆಣಸಿನ ಪುಡಿ ಎರಡು ಚಿಟಿಕೆ
- ವಾಲ್ನಟ್ ಅಥವಾ ಗೋಡಂಬಿ 60 ಗ್ರಾಂ
- ಒಣದ್ರಾಕ್ಷಿ 50 ಗ್ರಾಂ

ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಅದರಲ್ಲೇ ತೂಗಿ. ಕಪ್ಪಿನಲ್ಲಿ ಮೈದಾ ಒತ್ತಿ ತುಂಬಿದರೆ ಒಂದು ಅಳತೆ, ಉದುರಿಸಿ ತುಂಬಿದರೆ ಇನ್ನೊಂದು.

ಎಣ್ಣೆ ಯಾಕೆ, ಬೆಣ್ಣೆ ಯಾಕಲ್ಲ? ಬೆಣ್ಣೆ ಚಳಿಗೆ ಗಟ್ಟಿಯಾಗುತ್ತದೆ. ಅದರ ಜೊತೆ ಕೇಕ್ ಕೂಡ ಗಡುಸಾಗುತ್ತದೆ. ಎಣ್ಣೆ ಮಡಿಕೇರಿಯ ಡಿಸೆಂಬರ್ ಚಳಿಯಲ್ಲೂ ದ್ರವವಾಗೇ ಇರುತ್ತದೆ, ಹಾಗಾಗಿ ಕೇಕ್ ಮೆತ್ತಗೇ ಉಳಿಯುತ್ತದೆ. ಇದೇ ಕಾರಣಕ್ಕೆ ತೆಂಗಿನೆಣ್ಣೆ ಬೇಡ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲೇ ಹೆಪ್ಪುಗಟ್ಟುವ ಎಣ್ಣೆ ಕೇಕಿನೊಳಗೆ ಬೇರೆ ಥರ ಇರುತ್ತದಾ? ಕಡಲೆಕಾಯಿ ಎಣ್ಣೆಯ ವಾಸನೆ ಮಸಾಲೆಯನ್ನು ಮೀರಿಸುತ್ತದೆ. ಸೂರ್ಯಕಾಂತಿ ಇಲ್ಲದಿದ್ದರೆ ರೈಸ್ ಬ್ರಾನ್ ಎಣ್ಣೆ ಆದೀತು.

ಬೆಲ್ಲ ಬಣ್ಣಕ್ಕೂ ಹೌದು, ಕೆಲಸಕ್ಕೂ ಹೌದು. ಅಡುಗೆ ಸೋಡಾ ತಾನಾಗಿ ಏಳುವುದಿಲ್ಲ, ಅದಕ್ಕೊಂದು ಹುಳಿ ಬೇಕು. ಬೆಲ್ಲದಲ್ಲಿರುವ ಸ್ವಲ್ಪ ಹುಳಿ ಮತ್ತು ಕಿತ್ತಳೆ ರಸ ಆ ಕೆಲಸ ಮಾಡುತ್ತವೆ. ಪೂರ್ತಿ ಬೆಲ್ಲದಲ್ಲೇ ಮಾಡುತ್ತೇನೆ ಎಂದು ಹಠ ಮಾಡಿದರೆ ಕೇಕ್ ಭಾರವಾಗುತ್ತದೆ. ಸಕ್ಕರೆ ಬದಲು ಜೇನು ಹಾಕುವುದೂ ಬೇಡ. ಜೇನಿನಲ್ಲೂ ನೀರಿದೆ, ಮೇಲ್ಭಾಗ ಬೇಗ ಕಪ್ಪಾಗುತ್ತದೆ. ಒಳ್ಳೆಯ ಕೊಡಗಿನ ಜೇನಿದ್ದರೆ ಕೇಕ್ ಬಡಿಸುವಾಗ ಮೇಲೆ ಹನಿಸಿ, ರುಚಿ ಗೊತ್ತಾಗುವುದು ಆಗ.

ಮಸಾಲೆ ವಿಷಯದಲ್ಲಿ ನಾವು ಕೊಡಗಿನವರು ಅಂಗಡಿಯ ಡಬ್ಬಿ ಕೊಳ್ಳುವುದು ನಾಚಿಕೆ. ಏಲಕ್ಕಿ, ಮೆಣಸು ತೋಟದಲ್ಲೇ ಇವೆ, ಇಲ್ಲವೇ ಪಕ್ಕದ ಮನೆಯವರ ತೋಟದಲ್ಲಿ ಇರುತ್ತವೆ. ಅಂಗಡಿಯಲ್ಲಿ ಚಕ್ಕೆ ಎಂದು ಕೊಡುವುದು ಹೆಚ್ಚಾಗಿ ದಪ್ಪ ತೊಗಟೆಯ ಕ್ಯಾಸಿಯಾ. ಖಾರ ಸ್ವಲ್ಪ ಜಾಸ್ತಿ, ಕೇಕಿಗೆ ಏನೂ ತೊಂದರೆಯಿಲ್ಲ. ಒಣ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಆರಿದ ಮೇಲೆ ಪುಡಿ ಮಾಡಿ, ಜರಡಿ ಹಿಡಿಯಿರಿ. ಕರಿಮೆಣಸು ಕೇಳಿ ಹುಬ್ಬೇರಿಸಬೇಡಿ. ಎರಡು ಚಿಟಿಕೆಗೆ ಖಾರ ಗೊತ್ತಾಗುವುದಿಲ್ಲ, ಕ್ಯಾರೆಟ್‌ನ ಸಿಹಿ ಎದ್ದು ಕಾಣುತ್ತದೆ.

ಹಿಂದಿನ ದಿನದ ಕೆಲಸ

ಒಣದ್ರಾಕ್ಷಿಯನ್ನು ಅದೇ 2 ಚಮಚ ಕಿತ್ತಳೆ ರಸದಲ್ಲಿ ನೆನೆಸಿಡಿ. ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್ ಇದ್ದರೆ ಕೇಳಲೇಬೇಡಿ, ಅದರಲ್ಲೇ ನೆನೆಸಿ, ಅದೂ ಹುಳಿಯೇ. ರಸ ಚೆಲ್ಲಬೇಡಿ. ಕೇಕಿಗೆ ಬೇಕಾದ 2 ಚಮಚ ಅದೇ.

ಬೇಕಿಂಗ್ ಪೌಡರ್ ಬದುಕಿದೆಯಾ ನೋಡಿ. ಮಳೆಗಾಲದಲ್ಲಿ ಡಬ್ಬಿ ತೆರೆದು ಎರಡು ತಿಂಗಳಾಗಿದ್ದರೆ ಅನುಮಾನವೇ. ಅರ್ಧ ಚಮಚ ಪುಡಿಯನ್ನು ಅರ್ಧ ಲೋಟ ಬಿಸಿನೀರಿಗೆ ಹಾಕಿ. ತಕ್ಷಣ ಜೋರಾಗಿ ನೊರೆ ಬರಬೇಕು. ಸೋಡಾಗೆ ನಿಂಬೆರಸ ಹನಿಸಿ ನೋಡಿ. ಕೊಡಗಿನ ಅಡುಗೆಯ ಹುಳಿಯಾದ ಕಾಚಂಪುಳಿಯಲ್ಲೂ ನೊರೆ ಬರುತ್ತದೆ, ಆದರೆ ಅದರ ಬೆಲೆಗೆ ಪರೀಕ್ಷೆ ಮಾಡುವುದು ದುಂದು.

ಮೈದಾ ಕೈಗೆ ತಣ್ಣಗೆ, ಗಂಟುಗಂಟಾಗಿ ಸಿಕ್ಕರೆ ತೇವ ಹಿಡಿದಿದೆ ಎಂದರ್ಥ. ಅಗಲ ತಟ್ಟೆಯಲ್ಲಿ ಹರಡಿ, ಬಿಸಿ ಮಾಡಿ ಆರಿಸಿದ ಓವನ್‌ನಲ್ಲಿ ಹತ್ತು ನಿಮಿಷ ಇಟ್ಟು ತೆಗೆಯಿರಿ. ಪೂರ್ತಿ ತಣ್ಣಗಾದ ಮೇಲೆ ತೂಗಿ. ಬಿಸಿಲಿನ ತಿಂಗಳಲ್ಲಿ ಇದು ಬೇಡ.

ಹಿಟ್ಟು ಕಲಸುವುದು

1. ಓವನ್ 175 ಡಿಗ್ರಿಗೆ ಹಾಕಿ. ಟಿನ್ನಿಗೆ ಎಣ್ಣೆ ಸವರಿ, ತಳಕ್ಕೆ ಬಟರ್ ಪೇಪರ್ ಹಾಸಿ. ಕ್ಯಾರೆಟ್ ಕೇಕ್ ತಳಕ್ಕೆ ಹಿಡಿದುಕೊಳ್ಳುವ ಜಾತಿ, ಪೇಪರ್ ಬಿಡಬೇಡಿ.

2. ಮೊಟ್ಟೆ ತಣ್ಣಗಿರಬಾರದು. ಮಡಿಕೇರಿಯ ಚಳಿಯಲ್ಲಿ ಫ್ರಿಜ್‌ನ ಹೊರಗಿದ್ದ ಮೊಟ್ಟೆಯೂ ತಣ್ಣಗೇ ಇರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಚಿಪ್ಪು ಸಮೇತ ಹತ್ತು ನಿಮಿಷ ಇಡಿ.

3. ವಾಲ್ನಟ್ ಅಥವಾ ಗೋಡಂಬಿಯನ್ನು ಸಣ್ಣ ಉರಿಯಲ್ಲಿ ಹುರಿದು, ಒರಟಾಗಿ ಹೆಚ್ಚಿ. ಹಸಿಯಾಗಿ ಹಾಕಿದರೆ ಹಿಟ್ಟಿನ ತೇವ ಹೀರಿ ಮೆತ್ತಗಾಗುತ್ತವೆ.

4. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ಮಸಾಲೆ ಪುಡಿಗಳನ್ನು ಎರಡು ಸಲ ಜರಡಿ ಹಿಡಿಯಿರಿ. ಸೋಡಾದ ಒಂದು ಗಂಟು ಉಳಿದರೂ ಬಾಯಿಗೆ ಸಿಕ್ಕಾಗ ಗೊತ್ತಾಗುತ್ತದೆ.

5. ಇನ್ನೊಂದು ದೊಡ್ಡ ಪಾತ್ರೆಯಲ್ಲಿ ಮೊಟ್ಟೆ, ಸಕ್ಕರೆ, ಬೆಲ್ಲ ಹಾಕಿ ಬೀಟ್ ಮಾಡಿ. ಹ್ಯಾಂಡ್ ಬೀಟರ್ ಆದರೆ 3 ನಿಮಿಷ, ಕೈ ವಿಸ್ಕ್ ಆದರೆ 5–6 ನಿಮಿಷ. ಬಣ್ಣ ತಿಳಿಯಾಗಿ, ಸ್ವಲ್ಪ ದಪ್ಪಗಾಗಬೇಕು.

6. ಈಗ ಎಣ್ಣೆ. ಇಲ್ಲಿ ಆತುರ ಬೇಡ. ಒಂದು ಕೈಯಲ್ಲಿ ಬೀಟ್ ಮಾಡುತ್ತಲೇ ಇನ್ನೊಂದು ಕೈಯಲ್ಲಿ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಿ. ಒಮ್ಮೆಗೇ ಸುರಿದರೆ ಎಣ್ಣೆ ಬೇರೆ, ಮೊಟ್ಟೆ ಬೇರೆಯಾಗಿ ನಿಂತು, ಬೆಂದ ಮೇಲೆ ಕೇಕ್ ಜಿಡ್ಡಾಗುತ್ತದೆ. ಎರಡೂ ಒಂದಾಗಿ ಹೊಳೆಯುವ ಮಿಶ್ರಣ ಬರಬೇಕು.

7. ಜರಡಿ ಹಿಡಿದ ಹಿಟ್ಟನ್ನು ಎರಡು ಭಾಗ ಮಾಡಿ ಸೇರಿಸಿ. ಈಗ ಬೀಟರ್ ಪಕ್ಕಕ್ಕಿಡಿ. ಚಪ್ಪಟೆ ಚಮಚದಲ್ಲಿ ತಳದಿಂದ ಮೇಲಕ್ಕೆ ಮಗುಚುತ್ತಾ ಕಲಸಿ. ಬಿಳಿ ಹಿಟ್ಟು ಕಾಣದಾದ ತಕ್ಷಣ ನಿಲ್ಲಿಸಿ. ಇನ್ನೂ ತಿರುಗಿಸಿದರೆ ಮೈದಾದ ಜಿಗುಟು ಎದ್ದು ಕೇಕ್ ರಬ್ಬರಾಗುತ್ತದೆ.

8. ಕೊನೆಯಲ್ಲಿ ಕ್ಯಾರೆಟ್ ತುರಿ, ಹುರಿದ ಬೀಜ, ನೆನೆಸಿದ ಒಣದ್ರಾಕ್ಷಿಯನ್ನು ಅದರ ಕಿತ್ತಳೆ ರಸದ ಸಮೇತ ಹಾಕಿ ಹಗುರವಾಗಿ ಬೆರೆಸಿ.

ಈಗ ಹದ ನೋಡಿ. ಇಡ್ಲಿ ಹಿಟ್ಟಿನಷ್ಟು ದಪ್ಪ ಇರಬೇಕು, ಚಮಚದಿಂದ ನಿಧಾನವಾಗಿ ಜಾರಬೇಕು. ತೀರಾ ತೆಳ್ಳಗಿದ್ದರೆ ನಿಮ್ಮ ಕ್ಯಾರೆಟ್‌ನಲ್ಲಿ ರಸ ಜಾಸ್ತಿ ಇತ್ತು. ಒಂದು ದೊಡ್ಡ ಚಮಚ ಮೈದಾ ಸೇರಿಸಿ, ಅದಕ್ಕಿಂತ ಜಾಸ್ತಿ ಬೇಡ. ಹಿಟ್ಟನ್ನು ಕಾಯಿಸದೆ ತಕ್ಷಣ ಟಿನ್ನಿಗೆ ಸುರಿದು ಓವನ್ನಿಗಿಡಿ. ಸೋಡಾ ಕೆಲಸ ಶುರು ಮಾಡಿಯಾಗಿದೆ.

ಬೇಯಿಸುವುದು

ಓಟಿಜಿಯಲ್ಲಿ (ಮನೆಯ ಸಣ್ಣ ಕರೆಂಟ್ ಓವನ್) ಮೇಲೆ ಕೆಳಗೆ ಎರಡೂ ರಾಡ್ ಹಾಕಿ, ನಡುವಿನ ಜಾಲರಿಯ ಮೇಲೆ ಇಡಿ. 175 ಡಿಗ್ರಿ, 45ರಿಂದ 55 ನಿಮಿಷ. ಫ್ಯಾನ್ ಇರುವ ಓವನ್ ಆದರೆ 160 ಸಾಕು. ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಲೇಬೇಡಿ. ಮೇಲ್ಭಾಗ ಬೇಗ ಕೆಂಪಾದರೆ 35 ನಿಮಿಷದ ನಂತರ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಮುಚ್ಚಿ. ಬೆಲ್ಲ ಇರುವುದರಿಂದ ಬಣ್ಣ ಸ್ವಲ್ಪ ಗಾಢವೇ ಬರುತ್ತದೆ. ಅದನ್ನು ನೋಡಿ ಬೆಂದಿದೆ ಎಂದು ತೀರ್ಮಾನಿಸಬೇಡಿ.

ನಮ್ಮಲ್ಲಿ ಸಂಜೆ ವೋಲ್ಟೇಜ್ ಇಳಿಯುವ ಮನೆಗಳು ಸಾಕಷ್ಟಿವೆ. ಗುಂಡಿ 175 ತೋರಿಸಿದರೂ ಒಳಗೆ ಅಷ್ಟು ಬಿಸಿ ಇರುವುದಿಲ್ಲ. ಓವನ್ ಒಳಗಿಡುವ ಸಣ್ಣ ಥರ್ಮಾಮೀಟರ್ ಒಂದನ್ನು ಕೊಂಡರೆ ನೆಮ್ಮದಿ. ಸಾಧ್ಯವಾದರೆ ಬೆಳಿಗ್ಗೆಯೇ ಬೇಯಿಸಿ.

ಬೆಂದಿದೆಯಾ ನೋಡಲು ನಡುವೆ ಕಡ್ಡಿ ಚುಚ್ಚಿ. ಹಸಿ ಹಿಟ್ಟು ಅಂಟಬಾರದು. ಒಂದೆರಡು ತೇವದ ತುಣುಕು ಅಂಟಿದರೆ ಸರಿಯಾಗಿದೆ. ಕೆಲವು ಸಲ ಕಡ್ಡಿ ಕ್ಯಾರೆಟ್ ತುರಿಗೇ ಚುಚ್ಚಿ ಒದ್ದೆಯಾಗಿ ಬರುತ್ತದೆ. ಅದಕ್ಕೆ ಎರಡು ಕಡೆ ಚುಚ್ಚಿ ನೋಡಬೇಕು. ಬೆರಳಲ್ಲಿ ನಡುವೆ ಒತ್ತಿದರೆ ಮತ್ತೆ ಮೇಲೇಳಬೇಕು. ಚುಚ್ಚುವ ಥರ್ಮಾಮೀಟರ್ ಇರುವವರು ಗಮನಿಸಿ. ಹೊರಗಿನ ರೆಸಿಪಿಗಳಲ್ಲಿ ಕೇಕಿನ ನಡು 98 ಡಿಗ್ರಿ ಆಗಬೇಕು ಎಂದಿರುತ್ತದೆ. ನೀರು 96ಕ್ಕೇ ಕುದಿಯುವ ಮಡಿಕೇರಿಯಲ್ಲಿ ಅಷ್ಟಕ್ಕೆ ಕಾದು ಕೂತರೆ ಕೇಕ್ ಒಣಗಿಹೋಗುತ್ತದೆ. ಇಲ್ಲಿ 94–95 ಸಾಕು.

ಓವನ್ ಇಲ್ಲದಿದ್ದರೆ, ಕರೆಂಟು ಹೋದರೆ

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಆ ದಿನಗಳಲ್ಲಿ ಕೇಕ್ ಮಾಡುವುದಾದರೆ ಗ್ಯಾಸ್ ದಾರಿಯನ್ನೇ ಮೊದಲು ಯೋಚಿಸಿ.

ಮುಚ್ಚಳ ಬಿಗಿಯಾಗಿ ಕೂರುವ, ದಪ್ಪ ತಳದ ದೊಡ್ಡ ಪಾತ್ರೆ ಬೇಕು. ಪಂದಿ ಕರಿ ಮಾಡುವ ಪಾತ್ರೆ ಮಾತ್ರ ಬೇಡ. ಎಷ್ಟೇ ತಿಕ್ಕಿ ತೊಳೆದರೂ ಬಿಸಿಯಾದಾಗ ವಾಸನೆ ಹೊರಡುತ್ತದೆ, ಕೇಕ್ ಅದನ್ನು ಹೀರಿಕೊಳ್ಳುತ್ತದೆ. ತಳಕ್ಕೆ ಒಂದು ಇಂಚು ಕಲ್ಲುಪ್ಪು ಹಾಕಿ, ಮೇಲೆ ಸಣ್ಣ ಸ್ಟ್ಯಾಂಡ್ ಇಡಿ. ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಟಿನ್ ಇಟ್ಟು ಮುಚ್ಚಿ, ಉರಿ ಸಣ್ಣ ಮಾಡಿ. ಒಂದು ಗಂಟೆಯಿಂದ ಒಂದೂಕಾಲು ಗಂಟೆ ಹಿಡಿಯುತ್ತದೆ. ಮುಚ್ಚಳದ ಒಳಗೆ ನೀರು ಕಟ್ಟಿ ಕೇಕಿನ ಮೇಲೆ ಹನಿಯುತ್ತದೆ, ಅದಕ್ಕೆ ಮುಚ್ಚಳಕ್ಕೊಂದು ದಪ್ಪ ಬಟ್ಟೆ ಕಟ್ಟಿ, ತುದಿಗಳನ್ನು ಉರಿಗೆ ಸಿಗದಂತೆ ಮೇಲೆ ಗಂಟು ಹಾಕಿ. ಕುಕ್ಕರ್ ಬಳಸುವವರು ಗ್ಯಾಸ್ಕೆಟ್ ಮತ್ತು ವಿಶಲ್ ಎರಡನ್ನೂ ತೆಗೆಯಲೇಬೇಕು. ಒಳಗೆ ನೀರು ಹಾಕಬಾರದು.

ಗ್ಯಾಸಿನಲ್ಲಿ ಮಾಡಿದ ಕೇಕಿನ ಮೇಲ್ಭಾಗ ಕೆಂಪಾಗುವುದಿಲ್ಲ. ಕ್ರೀಮ್ ಹಚ್ಚುವುದರಿಂದ ಅದು ಯಾರಿಗೂ ಕಾಣುವುದೂ ಇಲ್ಲ.

ಓಟಿಜಿಯಲ್ಲಿ ಬೇಯುವಾಗಲೇ ಕರೆಂಟು ಹೋದರೆ? ಮೊದಲ ಹತ್ತು ನಿಮಿಷದೊಳಗಾದರೆ ಟಿನ್ ತೆಗೆದು ಕಾದ ಪಾತ್ರೆಗೆ ಸಾಗಿಸಿ. 15ರಿಂದ 30 ನಿಮಿಷದ ನಡುವೆಯಾದರೆ ಅಲುಗಿಸಬೇಡಿ, ಆಗ ಕೇಕ್ ಎದ್ದು ನಿಂತಿರುತ್ತದೆ, ಆದರೆ ಗಟ್ಟಿಯಾಗಿರುವುದಿಲ್ಲ. ಬಾಗಿಲು ಮುಚ್ಚೇ ಇಟ್ಟು ಹತ್ತು ನಿಮಿಷ ಕಾಯಿರಿ. ಅಷ್ಟರಲ್ಲಿ ಗ್ಯಾಸ್ ಮೇಲೆ ಪಾತ್ರೆ ಕಾಯಲು ಇಟ್ಟಿರಿ. ಕರೆಂಟು ಬರದಿದ್ದರೆ ಮೆಲ್ಲಗೆ ಸಾಗಿಸಿ. ಸ್ವಲ್ಪ ಕುಸಿದರೂ ತಿನ್ನಲು ಏನೂ ದೋಷವಿಲ್ಲ.

ತಣಿಸುವುದು

ಟಿನ್ನಿನಲ್ಲೇ 15 ನಿಮಿಷ ಬಿಡಿ, ಆಮೇಲೆ ಜಾಲರಿಯ ಮೇಲೆ ಮಗುಚಿ, ಪೇಪರ್ ತೆಗೆಯಿರಿ. ಟಿನ್ನಿನಲ್ಲೇ ಮರೆತರೆ ಹಬೆ ನೀರಾಗಿ ತಳ ಒದ್ದೆಯಾಗುತ್ತದೆ. ಪೂರ್ತಿ ತಣ್ಣಗಾಗಲು ಎರಡು ಗಂಟೆ ಬೇಕು. ಈ ಕೇಕ್ ಮಾಡಿದ ದಿನಕ್ಕಿಂತ ಮರುದಿನ ಜಾಸ್ತಿ ರುಚಿ. ಮಸಾಲೆ ಒಂದಾಗುತ್ತದೆ, ತೇವ ಎಲ್ಲ ಕಡೆ ಸಮನಾಗುತ್ತದೆ. ನೆಂಟರು ಭಾನುವಾರ ಬರುವುದಾದರೆ ಶನಿವಾರವೇ ಮಾಡಿಡಿ.

ಮೇಲಿನ ಕ್ರೀಮ್

ಈ ಕೇಕಿಗೆ ಕ್ರೀಮ್ ಚೀಸ್ ಹಚ್ಚುವುದು ಅಮೆರಿಕದಿಂದ ಬಂದ ರೂಢಿ. ಕ್ಯಾರೆಟ್ ಹಾಕಿ ಸಿಹಿ ಮಾಡುವುದು ಯುರೋಪಿನಲ್ಲಿ ಅದಕ್ಕಿಂತ ತುಂಬಾ ಹಳೆಯದು. 1940ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆಗೆ ರೇಷನ್ ಬಂದಾಗ ಮನೆಮನೆಯಲ್ಲಿ ಮತ್ತೆ ಕ್ಯಾರೆಟ್ ನೆನಪಾಯಿತು. ಸಕ್ಕರೆ ಉಳಿಸಲು ಬಂದ ತರಕಾರಿಯ ಮೇಲೆ ನಾವು ಈಗ ಸಕ್ಕರೆ ಕ್ರೀಮ್ ಬಳಿಯುತ್ತೇವೆ, ಇರಲಿ.

ಕ್ರೀಮ್ ಚೀಸ್ ಸಿಕ್ಕರೆ: 60 ಗ್ರಾಂ ಉಪ್ಪಿಲ್ಲದ ಮೆತ್ತಗಿನ ಬೆಣ್ಣೆ, 90 ಗ್ರಾಂ ಐಸಿಂಗ್ ಸಕ್ಕರೆಯನ್ನು ಮೊದಲು ಚೆನ್ನಾಗಿ ಬೀಟ್ ಮಾಡಿ. ಆಮೇಲೆ 200 ಗ್ರಾಂ ಕ್ರೀಮ್ ಚೀಸ್ ಫ್ರಿಜ್‌ನಿಂದ ನೇರ ತಂದು ಹಾಕಿ, ಬೆರೆಯುವಷ್ಟು ಮಾತ್ರ ತಿರುಗಿಸಿ. ಈ ಕ್ರಮ ತಪ್ಪಿಸಬೇಡಿ. ಕ್ರೀಮ್ ಚೀಸನ್ನು ಜಾಸ್ತಿ ಬೀಟ್ ಮಾಡಿದಷ್ಟೂ ಅದು ನೀರಾಗುತ್ತದೆ, ಮತ್ತೆ ಗಟ್ಟಿ ಮಾಡಲು ಆಗುವುದಿಲ್ಲ.

ಸಿಗದಿದ್ದರೆ ಮೊಸರೇ ಗತಿ, ಅದೇನೂ ಕಡಿಮೆಯಲ್ಲ. 500 ಗ್ರಾಂ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು ರಾತ್ರಿಯಿಡೀ ಫ್ರಿಜ್‌ನಲ್ಲಿ ಇಳಿಬಿಡಿ. ಹೊರಗೆ ತೂಗುಹಾಕಿದರೆ ಹುಳಿ ಏರುತ್ತದೆ. ಬೆಳಿಗ್ಗೆ ಬಟ್ಟೆಯನ್ನು ಹಿಂಡಿ ಉಳಿದ ನೀರೂ ತೆಗೆಯಿರಿ. ಕೈಗೆ ಅಂಟದಷ್ಟು ಗಟ್ಟಿ ಉಂಡೆ ಸಿಗುತ್ತದೆ. ಅದನ್ನು ಮೇಲಿನ ಅಳತೆಯ ಬೆಣ್ಣೆ, ಸಕ್ಕರೆಗೆ ಸೇರಿಸಿ. ಇದು ಸ್ವಲ್ಪ ಸಡಿಲ, ಹಾಗಾಗಿ ಮೇಲ್ಭಾಗಕ್ಕೆ ಮಾತ್ರ ಹಚ್ಚಿ, ಬದಿಗೆ ಬೇಡ.

ಎರಡಕ್ಕೂ ಕಿತ್ತಳೆ ಸಿಪ್ಪೆಯ ತುರಿ ಒಂದು ಚಮಚ ಹಾಕಿದರೆ ಪರಿಮಳ ಬದಲಾಗುತ್ತದೆ. ಕೊಡಗಿನ ಕಿತ್ತಳೆಯ ಸಿಪ್ಪೆ ಬಿಗಿಯಾಗಿರುತ್ತದೆ. ಹಣ್ಣು ಸುಲಿಯುವ ಮೊದಲೇ, ತೊಳೆದು ಒರೆಸಿ, ಮೇಲಿನ ಬಣ್ಣದ ಪದರ ಮಾತ್ರ ತುರಿಯಿರಿ. ಬಿಳಿ ಭಾಗ ಕಹಿ. ರಸ್ತೆ ಬದಿ ಕೊಡಗಿನ ಕಿತ್ತಳೆ ಎಂದು ಮಾರುವುದೆಲ್ಲ ಇಲ್ಲಿಯದಲ್ಲ, ಪರವಾಗಿಲ್ಲ, ಕ್ರೀಮಿಗೆ ಯಾವುದಾದರೂ ಆಗುತ್ತದೆ. ಕೇಕ್ ಸ್ವಲ್ಪವೂ ಬೆಚ್ಚಗಿದ್ದಾಗ ಕ್ರೀಮ್ ಹಚ್ಚಬೇಡಿ, ಇಳಿದುಹೋಗುತ್ತದೆ.

ಮೊಟ್ಟೆ ತಿನ್ನದವರಿಗೆ

ಮೂರು ಮೊಟ್ಟೆಯ ಬದಲು 180 ಗ್ರಾಂ ಗಟ್ಟಿ ಮೊಸರು ಹಾಕಿ. ಎಣ್ಣೆ 120 ಮಿಲಿಗೆ, ಕ್ಯಾರೆಟ್ 200 ಗ್ರಾಂಗೆ ಇಳಿಸಿ. ಬೇಕಿಂಗ್ ಪೌಡರ್ ಒಂದು ಟೀ ಚಮಚ, ಸೋಡಾ ಮುಕ್ಕಾಲು ಟೀ ಚಮಚ. ಮೊಸರಲ್ಲೇ ಹುಳಿ ಇರುವುದರಿಂದ ಕಿತ್ತಳೆ ರಸ ಬಿಡಿ, ದ್ರಾಕ್ಷಿಯನ್ನು ಹಾಗೇ ಹಾಕಿ. ಮೊಸರು, ಸಕ್ಕರೆ, ಬೆಲ್ಲ ಕರಗುವವರೆಗೆ ಕಲಸಿ ಎಣ್ಣೆ ಸೇರಿಸಿ, ಉಳಿದದ್ದು ಮೇಲಿನಂತೆಯೇ. ಕೇಕ್ ಸ್ವಲ್ಪ ಗಟ್ಟಿಯಾಗಿ ಬರುತ್ತದೆ, ಬೇಯಲು ಐದು ನಿಮಿಷ ಜಾಸ್ತಿ ಬೇಕಾಗಬಹುದು.

ಇಡುವುದು

ಕ್ರೀಮ್ ಇಲ್ಲದ ಕೇಕ್ ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಡಬ್ಬಿಯೊಳಗೆ ಎರಡು ದಿನ ಹೊರಗೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದಿನ ಮಾತ್ರ, ಆಮೇಲೆ ಫ್ರಿಜ್. ಕ್ರೀಮ್ ಹಚ್ಚಿದ್ದು ಯಾವ ಕಾಲದಲ್ಲಾದರೂ ಫ್ರಿಜ್‌ನಲ್ಲೇ ಇರಬೇಕು, ಮೂರು ನಾಲ್ಕು ದಿನದೊಳಗೆ ಮುಗಿಸಿ. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ. ಹೋಂಸ್ಟೇ ನಡೆಸುವವರಿಗೆ ಒಂದು ಸಲಹೆ: ಕ್ರೀಮ್ ಹಚ್ಚದ ಕೇಕನ್ನು ತುಂಡು ಮಾಡಿ, ಒಂದೊಂದನ್ನೂ ಬೇರೆಬೇರೆ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಒಂದು ತಿಂಗಳು ಕೆಡುವುದಿಲ್ಲ. ಸುತ್ತಿದ ಹಾಗೇ ಹೊರಗೆ ಇಟ್ಟು ಕರಗಿಸಿ, ಬಿಚ್ಚಿ ಇಟ್ಟರೆ ಗಾಳಿಯ ತೇವವೆಲ್ಲ ಕೇಕಿನ ಮೇಲೇ ಕೂರುತ್ತದೆ.